ಬಾಗಿಲಲ್ಲೇ ಹಿಂದಿರುಗಿದವರ ಲೆಕ್ಕ ಯಾರಲ್ಲಿದೆ?

ಅಂತರ್ಜಾಲದಲ್ಲಿ ನಾವು ಒಂದು ಪುಟವನ್ನು ತೆರೆಯುವ ಮುನ್ನ ನಮ್ಮ ಕಣ್ಣಿಗೆ ಬೀಳದ ಒಂದು ಸಣ್ಣ ವ್ಯವಹಾರ ನಡೆದುಹೋಗಿರುತ್ತದೆ. ನಮ್ಮ ಫೋನು ಅಥವಾ ಗಣಕವು ಆ ಪುಟವನ್ನು ಇಟ್ಟುಕೊಂಡಿರುವ ಸರ್ವರಿನೊಡನೆ, ಇನ್ನು ಮುಂದಿನ ಮಾತುಕತೆಯನ್ನು ಯಾವ ಗೂಢಲಿಪಿಯಲ್ಲಿ ನಡೆಸಬೇಕೆಂದು ಒಪ್ಪಂದ ಮಾಡಿಕೊಳ್ಳುತ್ತದೆ. ತಂತ್ರಜ್ಞರು ಇದನ್ನು ಹ್ಯಾಂಡ್‌ಶೇಕ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳ ಹಳೆಯ ಪದವನ್ನೇ ಬಳಸುವುದಾದರೆ, ಇದು ಹಸ್ತಲಾಘವ. ಬ್ಯಾಂಕಿನ ವ್ಯವಹಾರವಿರಲಿ, ರೈಲಿನ ಟಿಕೆಟ್ ಇರಲಿ, ಮಕ್ಕಳ ಪರೀಕ್ಷಾ ಫಲಿತಾಂಶವಿರಲಿ, ಈ ಹಸ್ತಲಾಘವ ಆಗದೆ ಒಂದಕ್ಷರವೂ ಈಚೆಗೆ ಬರುವುದಿಲ್ಲ.

ಬಂದವರೆಲ್ಲರ ಕೈ ಕುಲುಕಲೇಬೇಕೆಂಬ ನಿಯಮ ಸರ್ವರಿಗೇನೂ ಇಲ್ಲ. ಬೇಡವಾದವರನ್ನು ಅದು ಬಾಗಿಲಿನಲ್ಲೇ ತಡೆದು ಕಳಿಸಬಹುದು. ಹೀಗೆ ತಡೆಯುವ ವಿಧಾನವು ಸರ್ವರ್ ನಿರ್ವಾಹಕರ ಕೋಣೆಯೊಳಗಿನ ತಾಂತ್ರಿಕ ಸಂಗತಿಯಾಗಿಯೇ ಇದುವರೆಗೆ ಉಳಿದಿದೆ. ಆದರೆ ಸರ್ಕಾರದ ಬಹುಪಾಲು ಸೇವೆಗಳು ಜಾಲತಾಣದ ಮೂಲಕವೇ ಜನರನ್ನು ತಲುಪುತ್ತಿರುವಾಗ, ಯಾರನ್ನು ತಡೆಯಬೇಕು, ಹೇಗೆ ತಡೆಯಬೇಕು, ತಡೆದುದನ್ನು ಹೇಳಬೇಕೆ ಬೇಡವೆ ಎಂಬ ಪ್ರಶ್ನೆಗಳು ಸಾರ್ವಜನಿಕ ಪ್ರಶ್ನೆಗಳೇ ಆಗುತ್ತವೆ. ಅನಾಮಧೇಯ ಶೋಧಕರನ್ನು ನಿಷ್ಠುರವಾಗಿ ನಿರಾಕರಿಸುವುದು ಸರಿಯೆಂದು ನಾನು ಭಾವಿಸುತ್ತೇನೆ. ಆದರೆ ಹಳೆಯ ಉಪಕರಣ ಹಿಡಿದು ಬಂದ ನಾಗರಿಕರನ್ನೂ ಅದೇ ಮೌನದಿಂದ ನಿರಾಕರಿಸುತ್ತಿರುವುದು ಒಪ್ಪತಕ್ಕ ಮಾತಲ್ಲ.

ಮೊದಲಿಗೆ ಈ ಹಸ್ತಲಾಘವ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಬ್ರೌಸರ್ ತನ್ನ ಮೊದಲ ಸಂದೇಶದಲ್ಲಿ ಮುಖ್ಯವಾಗಿ ಮೂರು ಸಂಗತಿಗಳನ್ನು ತಿಳಿಸುತ್ತದೆ: ತನಗೆ ಗೊತ್ತಿರುವ ಭದ್ರತಾ ನಿಯಮಾವಳಿಯ ಆವೃತ್ತಿಗಳು ಯಾವುವು, ತಾನು ಬಳಸಬಲ್ಲ ಗೂಢಲಿಪಿ ವಿಧಾನಗಳು ಯಾವುವು ಮತ್ತು ತಾನು ಹುಡುಕಿಕೊಂಡು ಬಂದಿರುವ ಜಾಲತಾಣದ ಹೆಸರೇನು. ಸರ್ವರ್ ಅವುಗಳಲ್ಲಿ ತನಗೊಪ್ಪುವುದನ್ನು ಆರಿಸಿಕೊಂಡು, ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತದೆ. ಹೆಸರು ಹೇಳುವ ಪದ್ಧತಿ ಮೊದಲಿನಿಂದಲೂ ಇದ್ದುದಲ್ಲ. ಅದು ಮಾನಕದ ರೂಪ ಪಡೆದದ್ದು 2003ರಲ್ಲಿ. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಾಲತಾಣಗಳು ಹೆಚ್ಚಿದಂತೆ ಒಂದೇ ವಿಳಾಸದಲ್ಲಿ ಹತ್ತಾರು, ನೂರಾರು ತಾಣಗಳು ವಾಸಿಸತೊಡಗಿದವು. ಬೆಂಗಳೂರಿನ ಹಳೆಯ ಬಡಾವಣೆಗಳ ವಠಾರಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ಹಲವು ಸಂಸಾರ. ಯಾರ ಮನೆಗೆ ಬಂದಿರಿ ಎಂಬುದನ್ನು ಹೇಳಿದರಷ್ಟೇ ದಾರಿ ತಿಳಿಯುತ್ತದೆ.

ಹೆಸರನ್ನೇ ಹೇಳದವರು, ಇಲ್ಲವೇ ಆ ವಠಾರದಲ್ಲಿ ಇಲ್ಲದವರ ಹೆಸರು ಹೇಳುವವರು ಬಂದು ಕದ ತಟ್ಟಿದರೆ ಏನು ಮಾಡಬೇಕು? ಇಂಥವರ ಸಂಖ್ಯೆ ಕಡಿಮೆಯೇನಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಎಂಬ ತಂತ್ರಾಂಶವನ್ನು ಹೊರತಂದರು. ಸಾಕಷ್ಟು ವೇಗದ ಸಂಪರ್ಕವಿರುವ ಒಂದೇ ಒಂದು ಗಣಕದಿಂದ, ಆ ಹಳೆಯ ಪದ್ಧತಿಯ ಅಷ್ಟೂ ವಿಳಾಸಗಳ ಕದವನ್ನು 45 ನಿಮಿಷಗಳೊಳಗೆ ತಟ್ಟಿ ಬರಬಹುದೆಂದು ಅವರು ತೋರಿಸಿಕೊಟ್ಟರು. ಅವರ ಉದ್ದೇಶ ಸಂಶೋಧನೆ. ಆದರೆ ಅದೇ ಬಗೆಯ ಸಲಕರಣೆಗಳು ಇಂದು ದುರುದ್ದೇಶದವರ ಕೈಯಲ್ಲಿಯೂ ಇವೆ. ಹೊಸದಾಗಿ ಒಂದು ಸರ್ವರನ್ನು ಅಂತರ್ಜಾಲಕ್ಕೆ ಜೋಡಿಸಿದರೆ, ಅದರ ಹೆಸರು ಒಬ್ಬರಿಗೂ ತಿಳಿಯುವ ಮುನ್ನವೇ ಬಾಗಿಲು ಬಡಿಯುವವರು ಬಂದಿರುತ್ತಾರೆ. ಈ ವೃತ್ತಿಯಲ್ಲಿರುವ ನಮಗೆಲ್ಲ ಇದು ದಿನನಿತ್ಯದ ಅನುಭವ.

ಹೆಸರಿಲ್ಲದೆ ಬಂದವರಿಗೆ ಬಹಳಷ್ಟು ಸರ್ವರುಗಳು ಬಹುಕಾಲ ಮಾಡುತ್ತಿದ್ದುದೇನೆಂದರೆ, ಪಟ್ಟಿಯಲ್ಲಿ ಮೊದಲಿಗಿರುವ ತಾಣದ ಪ್ರಮಾಣಪತ್ರವನ್ನು ತೋರಿಸಿಬಿಡುವುದು. ಇದರ ಪರಿಣಾಮ ಸಣ್ಣದಲ್ಲ. ಪ್ರಮಾಣಪತ್ರದ ಮೇಲೆ ಜಾಲತಾಣದ ಹೆಸರಿರುತ್ತದೆ. ಆದ್ದರಿಂದ ಸಂಖ್ಯೆಯನ್ನಷ್ಟೇ ತಿಳಿದು ಬಂದವನಿಗೆ, ಒಳಗೆ ಯಾರಿದ್ದಾರೆಂಬುದು ಪುಕ್ಕಟೆಯಾಗಿ ತಿಳಿದುಹೋಗುತ್ತದೆ. ದಾಳಿಗಳಿಂದ ತಪ್ಪಿಸಿಕೊಳ್ಳಲೆಂದು ಹಣ ತೆತ್ತು ಮಧ್ಯವರ್ತಿ ರಕ್ಷಣಾ ಸೇವೆಯ ಹಿಂದೆ ನಿಂತಿರುವ ಸಂಸ್ಥೆಯ ಅಸಲಿ ವಿಳಾಸವೂ ಈ ದಾರಿಯಲ್ಲಿ ಬಯಲಾಗುವುದುಂಟು. ಒಮ್ಮೆ ಅಸಲಿ ವಿಳಾಸ ಸಿಕ್ಕಿತೆಂದರೆ ಮುಂಬಾಗಿಲಿನ ಕಾವಲು ವ್ಯರ್ಥ. ದಾಳಿಕೋರ ಹಿತ್ತಿಲಿನಿಂದ ನೇರವಾಗಿ ಒಳನುಗ್ಗುತ್ತಾನೆ.

ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಲೋಕಾರ್ಪಣೆ ಮಾಡಿದ ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ 444 ಎಂಬ ಒಂದು ಸಂಕೇತವಿದೆ. ಉತ್ತರವನ್ನೇ ಕೊಡದೆ ಸಂಪರ್ಕವನ್ನು ಮುಚ್ಚಿಬಿಡು ಎಂಬುದು ಅದರ ಅರ್ಥ. ಆದರೆ ಗೂಢಲಿಪಿಯ ಸಂಪರ್ಕಗಳಲ್ಲಿ ಅದು ಅನ್ವಯವಾಗುವುದು ಹಸ್ತಲಾಘವ ಮುಗಿದ ಮೇಲೆ, ಅಂದರೆ ಪ್ರಮಾಣಪತ್ರವನ್ನು ತೋರಿಸಿಯಾದ ಮೇಲೆ. ಹೆಸರು, ಊರು ಎಲ್ಲವನ್ನೂ ಹೇಳಿ ಆಮೇಲೆ ಬಾಗಿಲು ಹಾಕಿಕೊಂಡ ಹಾಗೆ. ಈ ತೊಡಕಿನಿಂದ ಪಾರಾಗಲು ನಿರ್ವಾಹಕರು ಸುಳ್ಳು ಹೆಸರಿನ ಪ್ರಮಾಣಪತ್ರವೊಂದನ್ನು ತಾವೇ ಬರೆದುಕೊಂಡು, ಅಪರಿಚಿತರಿಗೆ ಅದನ್ನು ತೋರಿಸುವ ಉಪಾಯ ಮಾಡಿಕೊಂಡಿದ್ದರು. 2020ರ ಅಕ್ಟೋಬರ್‌ನಲ್ಲಿ ಬಂದ 1.19.4ನೇ ಆವೃತ್ತಿಯಲ್ಲಿ, ಹಸ್ತಲಾಘವವನ್ನೇ ನಿರಾಕರಿಸು ಎಂದು ಹೇಳುವ ಒಂದು ಸಾಲಿನ ಆಜ್ಞೆ ಸೇರಿತು. ಗುರುತಿಲ್ಲದ ಹೆಸರು ಹೇಳಿದವರಿಗೂ ಹೆಸರನ್ನೇ ಹೇಳದವರಿಗೂ ಪ್ರಮಾಣಪತ್ರ ತೋರಿಸುವ ಮೊದಲೇ ಬಾಗಿಲು ಮುಚ್ಚುತ್ತದೆ. ಸುಳ್ಳು ಪತ್ರದ ಅಗತ್ಯವೂ ತಪ್ಪಿತು. ಈ ಸೌಲಭ್ಯವನ್ನು ಪ್ರತಿಯೊಬ್ಬ ನಿರ್ವಾಹಕನೂ ಬಳಸಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಆಜ್ಞೆ ಬಾಗಿಲು ಮುಚ್ಚುವಾಗ ಬಾಯಿ ಮುಚ್ಚಿಕೊಂಡಿರುವುದಿಲ್ಲ. ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಒಂದು ಚಿಕ್ಕ ಸೂಚನೆಯನ್ನು ಕಳಿಸುತ್ತದೆ. ನಿಯಮಾವಳಿಯಲ್ಲಿ ಆ ಸೂಚನೆಯ ಸಂಖ್ಯೆ 112. ಅದರ ಗಾತ್ರ ಕೇವಲ ಎರಡು ಬೈಟ್. ನಿಯಮಾವಳಿಯ 2011ರ ಪಠ್ಯ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಹೆಸರು ಗೊತ್ತಿಲ್ಲವಾದರೆ ಒಂದೋ ಖಚಿತವಾಗಿ ನಿರಾಕರಿಸಬೇಕು, ಇಲ್ಲವೇ ಮುಂದುವರಿಯಬೇಕು. ಎಚ್ಚರಿಕೆ ಕೊಟ್ಟೂ ಒಳಗೆ ಬಿಡುವ ಎಡಬಿಡಂಗಿತನ ಸಲ್ಲದು, ಏಕೆಂದರೆ ಬಂದವರು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆಂದು ಹೇಳಲಾಗದು. ಅದೇ ವರ್ಷ ಜಾವಾ ಭಾಷೆಯ 7ನೇ ಆವೃತ್ತಿ ಬಂದಾಗ ಈ ಮಾತು ನಿಜವಾಯಿತು. ಕೆಲವು ಸರ್ವರುಗಳು ಕಳಿಸುತ್ತಿದ್ದ ಎಚ್ಚರಿಕೆಯನ್ನು ಬ್ರೌಸರುಗಳು ಕಡೆಗಣಿಸಿ ಒಳಗೆ ಹೋಗುತ್ತಿದ್ದವು. ಜಾವಾದಲ್ಲಿ ಬರೆದ ತಂತ್ರಾಂಶಗಳು ಅದನ್ನೇ ನಿರಾಕರಣೆಯೆಂದು ತಿಳಿದು ನಿಂತುಬಿಟ್ಟವು. ಒಂದೇ ಬಾಗಿಲು ಕೆಲವರಿಗೆ ತೆರೆದಿತ್ತು, ಕೆಲವರಿಗೆ ಮುಚ್ಚಿತ್ತು. ಕಾರಣ ಹುಡುಕಲು ನಿರ್ವಾಹಕರು ಪರದಾಡಿದರು.

ಕಳ್ಳರಿಗೂ ಕಾರಣ ಹೇಳಬೇಕೆ, ಏನನ್ನೂ ಹೇಳದೆ ಸುಮ್ಮನಿದ್ದರಾಗದೆ ಎಂದು ಕೇಳುವವರಿದ್ದಾರೆ. ಸುಮ್ಮನಿರುವುದಕ್ಕೂ ಬೆಲೆಯುಂಟು. ಉತ್ತರ ಬಾರದಿದ್ದರೆ ಪ್ರಾಮಾಣಿಕ ಬ್ರೌಸರ್ ಕಾಯುತ್ತದೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಜಾಲವೇ ಕೆಟ್ಟಿದೆಯೆಂದು ಬಳಕೆದಾರ ಭಾವಿಸುತ್ತಾನೆ. ಶೋಧಕನಿಗಾದರೋ ಈ ಮೌನದಿಂದ ಹೆಚ್ಚಿನ ನಷ್ಟವೇನೂ ಇಲ್ಲ. ಅವನು ಮುಂದಿನ ವಿಳಾಸಕ್ಕೆ ಹೋಗುತ್ತಾನೆ. ಎರಡು ಬೈಟ್‌ಗಳ ಸೂಚನೆಯಿಂದ ಒಳಗಿನ ಗುಟ್ಟೇನೂ ಹೊರಬೀಳುವುದಿಲ್ಲ. ಆದ್ದರಿಂದ ಹೇಳಿ ನಿರಾಕರಿಸುವುದೇ ಮೇಲು.

ಇದು ಹೆಸರಿನ ಮಾತಾಯಿತು. ನಿರಾಕರಣೆಗೆ ಇನ್ನೊಂದು ಕಾರಣವಿದೆ, ಅದು ವಯಸ್ಸು. ಈ ಭದ್ರತಾ ನಿಯಮಾವಳಿಯನ್ನು ಮೊದಲು ರೂಪಿಸಿದ್ದು ನೆಟ್‌ಸ್ಕೇಪ್ ಕಂಪನಿ. ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ಅದರ 2ನೇ ಆವೃತ್ತಿ 1995ರಲ್ಲೂ 3ನೇ ಆವೃತ್ತಿ 1996ರಲ್ಲೂ ಬಂದವು. 1999ರಲ್ಲಿ ಟಿಎಲ್‌ಎಸ್ ಎಂಬ ಹೊಸ ಹೆಸರಿನೊಡನೆ 1.0, 2006ರಲ್ಲಿ 1.1, 2008ರಲ್ಲಿ 1.2, 2018ರಲ್ಲಿ 1.3 ಬಂದವು. ಪ್ರತಿಯೊಂದು ಹಳೆಯ ಆವೃತ್ತಿಯಲ್ಲೂ ಕಾಲಾನಂತರದಲ್ಲಿ ದೋಷಗಳು ಹೊರಬಿದ್ದವು. 2014ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ‘ಪೂಡಲ್’ ದಾಳಿ ಎಸ್‌ಎಸ್‌ಎಲ್ 3ರ ಆಯುಷ್ಯವನ್ನು ಮುಗಿಸಿತು. 1.0 ಮತ್ತು 1.1 ಆವೃತ್ತಿಗಳನ್ನು ಬಳಸಕೂಡದೆಂದು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಸಾರಲಾಯಿತು. ಕಾರ್ಡ್ ಪಾವತಿ ಉದ್ಯಮದ ಭದ್ರತಾ ನಿಯಮಗಳು ಇನ್ನೂ ಮುಂಚೆ, 2018ರ ಜೂನ್ 30ರ ಗಡುವು ಹಾಕಿದ್ದವು. ಹಳೆಯ ಆವೃತ್ತಿಯಲ್ಲಿ ಕೈಕುಲುಕಲು ಒಪ್ಪುವ ಸರ್ವರ್ ತನ್ನ ಗ್ರಾಹಕರನ್ನು ಅಪಾಯಕ್ಕೆ ಒಡ್ಡುತ್ತದೆಂಬುದು ಸಾಬೀತಾದ ಸಂಗತಿ. ಹಳೆಯದನ್ನು ಕೈಬಿಡಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ.

ಆದರೆ ಕೈಬಿಡುವ ಕ್ರಮದಲ್ಲಿ ಒಂದು ಅಸಮಾನತೆಯಿದೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮತ್ತು ಮೊಜಿಲ್ಲಾ ಸಂಸ್ಥೆಗಳು 2018ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಒಂದು ಪ್ರಕಟಣೆ ಹೊರಡಿಸಿದವು. 2020ರ ಮೊದಲಾರ್ಧದಲ್ಲಿ ತಮ್ಮ ಬ್ರೌಸರುಗಳು 1.0 ಮತ್ತು 1.1ನ್ನು ನಿಲ್ಲಿಸುತ್ತವೆಂದು ತಿಳಿಸಿದವು. ಮಾತಿನಂತೆ ಮೊಜಿಲ್ಲಾ 2020ರ ಮಾರ್ಚ್‌ನಲ್ಲಿ ತನ್ನ ಫೈರ್‌ಫಾಕ್ಸ್‌ನಲ್ಲಿ ಅವನ್ನು ನಿಲ್ಲಿಸಿತು. ಅಷ್ಟರಲ್ಲಿ ಕೋವಿಡ್ ಜಗತ್ತನ್ನು ಆವರಿಸಿತ್ತು. ಸೋಂಕಿನ ಮಾಹಿತಿ ನೀಡುತ್ತಿದ್ದ ಕೆಲವು ಸರ್ಕಾರಿ ಜಾಲತಾಣಗಳು ಇನ್ನೂ ಹಳೆಯ ಆವೃತ್ತಿಯಲ್ಲಿಯೇ ಇದ್ದುದರಿಂದ, ಜನರಿಗೆ ಆ ಮಾಹಿತಿ ಸಿಗದೆ ಹೋಗುವ ಭಯವಿತ್ತು. ಮೊಜಿಲ್ಲಾ ತನ್ನ ನಿರ್ಧಾರವನ್ನು ತಡೆಹಿಡಿದು ಹಳೆಯ ಆವೃತ್ತಿಗಳಿಗೆ ಮತ್ತೆ ಅವಕಾಶ ಕೊಟ್ಟಿತು. ಕೆಲವು ತಿಂಗಳ ನಂತರವಷ್ಟೇ ಪುನಃ ನಿಲ್ಲಿಸಿತು. ಅದು ವಿವೇಕದ ನಡೆಯಾಗಿತ್ತು. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಸರ್ಕಾರಗಳ ಸರ್ವರ್ ಹಳೆಯದಾಗಿದ್ದಾಗ ಬ್ರೌಸರ್ ಕಾಯಿತು. ನಾಗರಿಕನ ಫೋನು ಹಳೆಯದಾಗಿದ್ದಾಗ ಕಾಯುವವರು ಯಾರು?

ಫೋನಿನ ಪ್ರಶ್ನೆ ಕಾಲ್ಪನಿಕವಲ್ಲ. ಆಂಡ್ರಾಯ್ಡ್ 5ಕ್ಕಿಂತ ಹಿಂದಿನ ಫೋನುಗಳಲ್ಲಿ ಟಿಎಲ್‌ಎಸ್ 1.2 ತಾನಾಗಿ ಚಾಲನೆಯಲ್ಲಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಜಾಲತಾಣದ ಹೆಸರನ್ನು ಹೇಳುವ ಪದ್ಧತಿಯೇ ತಿಳಿದಿರಲಿಲ್ಲ. ಹೆಸರು ಹೇಳದವರನ್ನೆಲ್ಲ ಶೋಧಕರೆಂದು ತಳ್ಳಿಬಿಟ್ಟರೆ, ಅಂಥ ಗಣಕದ ಮುಂದೆ ಕುಳಿತ ಹಳ್ಳಿ ಶಾಲೆಯ ಗುಮಾಸ್ತನೂ ಅವರ ಜೊತೆಯಲ್ಲೇ ಹೊರಬೀಳುತ್ತಾನೆ. ಉಚಿತವಾಗಿ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2020ರ ನವೆಂಬರ್‌ನಲ್ಲಿ ಒಂದು ಸಂಗತಿಯನ್ನು ಬಹಿರಂಗಪಡಿಸಿತು. ಆಗ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಉಪಕರಣಗಳ ಪೈಕಿ ಶೇ 33.8ರಷ್ಟು, 2016ರ ಕೊನೆಯಲ್ಲಿ ಬಂದ 7.1.1ಕ್ಕಿಂತ ಹಳೆಯ ಆವೃತ್ತಿಯವು. ಮರುವರ್ಷದ ಸೆಪ್ಟೆಂಬರ್ ನಂತರ ಅವು ತನ್ನ ಪ್ರಮಾಣಪತ್ರಗಳನ್ನು ನಂಬಲಾರವು ಎಂದಿತು. ಅಲ್ಲಿ ಕೈ ಹಿಂದೆಗೆಯುತ್ತಿದ್ದುದು ಸರ್ವರಲ್ಲ, ಫೋನು. ಬಳಕೆದಾರನ ಪಾಲಿಗೆ ಎರಡೂ ಒಂದೇ. ಆ ಸಂಸ್ಥೆ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಹಳೆಯ ಪ್ರಮಾಣ ಸಂಸ್ಥೆಯೊಂದಿಗೆ ವಿಶೇಷ ಏರ್ಪಾಡು ಮಾಡಿಕೊಂಡು, ಆ ಫೋನುಗಳಿಗೆ ಸುಮಾರು ಮೂರು ವರ್ಷಗಳ ಕಾಲಾವಕಾಶ ಒದಗಿಸಿತು. ಆ ಏರ್ಪಾಡಿನ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಮೂರರಲ್ಲೊಂದು ಪಾಲು ಎಂಬ ಆ ಅಂಕಿಯನ್ನು ಆ ಸಂಸ್ಥೆ ಮುಂಚೆಯೇ ಕಣ್ಣಮುಂದೆ ಇಟ್ಟುಕೊಂಡದ್ದರಿಂದ ಪರಿಹಾರಕ್ಕೆ ಸಮಯ ಸಿಕ್ಕಿತು. ನಮ್ಮ ಸೇವಾ ಜಾಲತಾಣಗಳಲ್ಲಿ ಅಂಥ ಲೆಕ್ಕ ಇರುವುದು ಅಪರೂಪ. ಇದಕ್ಕೊಂದು ತಾಂತ್ರಿಕ ಕಾರಣವಿದೆ. ಯಾರು ಬಂದರು, ಯಾವ ಪುಟ ಕೇಳಿದರು ಎಂಬುದನ್ನು ಸರ್ವರ್ ಬರೆದಿಡುವ ದಿನಚರಿ ಪ್ರಾರಂಭವಾಗುವುದೇ ಹಸ್ತಲಾಘವ ಯಶಸ್ವಿಯಾದ ಮೇಲೆ. ಬಾಗಿಲಿನಲ್ಲೇ ಹಿಂದಿರುಗಿದವರು ಯಾವ ಪುಟವನ್ನೂ ಕೇಳಿರುವುದಿಲ್ಲ. ಹಾಗಾಗಿ ಆ ದಿನಚರಿಯಲ್ಲಿ ಅವರ ಹೆಸರಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ದೋಷಗಳಿಗೆಂದೇ ಬೇರೊಂದು ದಿನಚರಿ ಇದೆಯಾದರೂ, ವಿಫಲವಾದ ಹಸ್ತಲಾಘವಗಳ ಪೈಕಿ ಬಹುಪಾಲನ್ನು ಅದು ಮಹತ್ವವಿಲ್ಲದ ಮಾಹಿತಿಯೆಂದು ಪರಿಗಣಿಸುತ್ತದೆ. ನಿರ್ವಾಹಕ ಬೇಕೆಂದು ಕೇಳಿಕೊಳ್ಳದಿದ್ದರೆ ಬರೆದಿಡುವುದೇ ಇಲ್ಲ. ತಿಂಗಳ ಕೊನೆಯಲ್ಲಿ ಅಧಿಕಾರಿಗಳ ಮುಂದೆ ಬರುವ ವರದಿಯಲ್ಲಿ ಹಳೆಯ ಉಪಕರಣ ಬಳಸುವವರ ಪ್ರಮಾಣ ಸೊನ್ನೆ ಎಂದಿರುತ್ತದೆ. ಅವರು ಯಾರೂ ಇಲ್ಲವೆಂದ ಮೇಲೆ ಅವರಿಗಾಗಿ ಏನನ್ನಾದರೂ ಮಾಡುವ ಅಗತ್ಯವೂ ಇಲ್ಲವೆಂಬ ತೀರ್ಮಾನವಾಗುತ್ತದೆ. ಮತದಾರರ ಪಟ್ಟಿಯಿಂದ ಹೆಸರು ತೆಗೆದು, ಆಮೇಲೆ ಇವರು ಮತ ಹಾಕಲೇ ಬರಲಿಲ್ಲ ಎಂದಂತಾಯಿತು ಇದು.

ಕರ್ನಾಟಕದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಭೂ ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯ ಮೂಲಕ ಇಡೀ ದೇಶಕ್ಕೆ ದಾರಿ ತೋರಿದ ರಾಜ್ಯ ನಮ್ಮದು. ಪಹಣಿಯಿಂದ ಹಿಡಿದು ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದವರೆಗೆ ಅರ್ಜಿಗಳು ಜಾಲತಾಣಕ್ಕೆ ಬಂದಿವೆ. ನಾಡಕಚೇರಿಯ ಕಿಟಕಿಯಲ್ಲಿ ನಿರಾಕರಿಸಲ್ಪಟ್ಟವನಿಗೆ ಕನಿಷ್ಠಪಕ್ಷ ಒಬ್ಬ ಮನುಷ್ಯನ ಮುಖ ಕಾಣುತ್ತದೆ. ಯಾವ ಕಾಗದ ಕಡಿಮೆಯಿದೆಯೆಂದು ಕೇಳಬಹುದು, ಜಗಳವಾಡಬಹುದು, ತಹಸೀಲ್ದಾರರವರೆಗೆ ಹೋಗಬಹುದು. ಹಸ್ತಲಾಘವದಲ್ಲಿ ನಿರಾಕರಿಸಲ್ಪಟ್ಟವನಿಗೆ ಕಾಣಿಸುವುದು, ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಒಂದು ವಾಕ್ಯ ಮತ್ತು ದೊಡ್ಡಕ್ಷರಗಳ ಒಂದು ಇಂಗ್ಲಿಷ್ ಸಂಕೇತ. ತಪ್ಪು ತನ್ನ ಫೋನಿನದೋ, ಕರೆನ್ಸಿ ಮುಗಿದದ್ದೋ, ಸರ್ವರ್ ಕೆಟ್ಟದ್ದೋ ಅವನಿಗೆ ತಿಳಿಯುವುದಿಲ್ಲ. ಅರ್ಜಿಯ ಕೊನೆಯ ದಿನ ಕಳೆದುಹೋಗುತ್ತದೆ. ಅವನು ಅರ್ಜಿ ಹಾಕಲು ಪ್ರಯತ್ನಿಸಿದ್ದನೆಂಬುದಕ್ಕೆ ಎಲ್ಲಿಯೂ ಪುರಾವೆಯಿರುವುದಿಲ್ಲ.

ಇದಕ್ಕೆ ಉಪಾಯವಿಲ್ಲವೆ? ಇದೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2019ರ ಕೊನೆಯಿಂದ 2020ರ ಆರಂಭದವರೆಗೆ ಹಳೆಯ ಆವೃತ್ತಿಗಳನ್ನು ನಿಲ್ಲಿಸಿದ ರೀತಿಯನ್ನು ನೋಡಬೇಕು. ಅದು ಒಂದೇ ರಾತ್ರಿಯಲ್ಲಿ ಬಾಗಿಲು ಹಾಕಲಿಲ್ಲ. ಹಳೆಯ ಆವೃತ್ತಿಯಲ್ಲಿ ಬಂದವರ ಪೈಕಿ ಮೊದಲು ಒಂದು ಸಣ್ಣ ಭಾಗಕ್ಕೆ, ಆಮೇಲೆ ಹೆಚ್ಚು ಹೆಚ್ಚು ಮಂದಿಗೆ, ಲೇಖನದ ಬದಲು ಒಂದು ಸೂಚನಾ ಪುಟವನ್ನು ತೋರಿಸಿತು. ನಿಮ್ಮ ಬ್ರೌಸರ್ ಹಳೆಯದು, ಮುಂದೆ ಇಲ್ಲಿಗೆ ಬರಲಾಗದು, ಉಪಕರಣವನ್ನು ನವೀಕರಿಸಿ ಎಂಬ ಮಾತು ಅದರಲ್ಲಿ ಹಲವು ಭಾಷೆಗಳಲ್ಲಿತ್ತು. ಹಸ್ತಲಾಘವ ನಿಂತುಹೋಗುವ ಹೊತ್ತಿಗೆ ವಿಷಯ ತಿಳಿಯಬೇಕಾದವರ ಪೈಕಿ ಬಹಳಷ್ಟು ಮಂದಿಗೆ ತಿಳಿದಿತ್ತು. ದೇಣಿಗೆಯ ಹಣದಲ್ಲಿ ನಡೆಯುವ ಸಂಸ್ಥೆಗೆ ಸಾಧ್ಯವಾದದ್ದು ತೆರಿಗೆಯ ಹಣದಲ್ಲಿ ನಡೆಯುವ ಇಲಾಖೆಗಳಿಗೆ ಅಸಾಧ್ಯವೆಂದು ನಂಬುವುದು ಕಷ್ಟ.

ಹಳೆಯ ಹಸ್ತಲಾಘವವನ್ನು ಸೂಚನೆಗಾಗಿಯಾದರೂ ಇಟ್ಟುಕೊಳ್ಳುವುದು ಅಪಾಯವೆಂದು ನನ್ನ ವೃತ್ತಿಬಾಂಧವರು ವಾದಿಸಬಹುದು. ಈ ವಾದದಲ್ಲಿ ಹುರುಳಿದೆ. ಮುಖ್ಯ ತಾಣದಲ್ಲಿಯೇ ಹಳೆಯದಕ್ಕೆ ಶಾಶ್ವತವಾಗಿ ಎಡೆ ಕೊಟ್ಟರೆ ದಾಳಿಕೋರ ಅದರ ದುರ್ಲಾಭ ಪಡೆಯುತ್ತಾನೆ. ಆದುದರಿಂದ ಸೂಚನೆಗೆ ಅವಧಿಯಿರಬೇಕು, ಆ ಅವಧಿಯಲ್ಲಿ ಹಳೆಯ ಸಂಪರ್ಕದ ಮೂಲಕ ಗುಪ್ತಪದ ನೀಡಿ ಒಳಹೋಗುವುದಕ್ಕೆ ಅವಕಾಶವಿರಬಾರದು. ಅವಧಿ ಮುಗಿದ ಮೇಲೂ ಇನ್ನೊಂದು ದಾರಿಯಿದೆ. ಗೂಢಲಿಪಿಯಿಲ್ಲದ 80ನೇ ಸಂಖ್ಯೆಯ ಬಾಗಿಲನ್ನು ಬಹುತೇಕ ತಾಣಗಳು, ಬಂದವರನ್ನು 443ನೇ ಸಂಖ್ಯೆಯ ಸುರಕ್ಷಿತ ಬಾಗಿಲಿಗೆ ಸಾಗಹಾಕಲು ಮಾತ್ರ ಬಳಸುತ್ತವೆ. ಬ್ರೌಸರ್ ತನ್ನ ಪರಿಚಯ ಹೇಳಿಕೊಳ್ಳುವುದನ್ನು ಗಮನಿಸಿ, ಹಳೆಯದಾದರೆ ಅಲ್ಲಿಯೇ ಒಂದು ಸರಳ ಕನ್ನಡ ಪುಟವನ್ನು ತೋರಿಸಬಹುದು. ಈ ಸೇವೆಗೆ ನಿಮ್ಮ ಉಪಕರಣ ಸಾಲದು, ಹತ್ತಿರದ ಸೇವಾಕೇಂದ್ರಕ್ಕೆ ಹೋಗಿ, ಸಹಾಯವಾಣಿಯ ಸಂಖ್ಯೆ ಇದು ಎಂದು ನಾಲ್ಕು ಸಾಲು. ಗುಟ್ಟಾಗಿಡಬೇಕಾದ್ದು ಅದರಲ್ಲಿ ಏನೂ ಇಲ್ಲ.

ಇಷ್ಟು ಹೇಳಿದ ಮೇಲೆ, ಬಾಗಿಲಲ್ಲಿ ತಡೆಯುವ ಮೂರನೆಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಜಾಲತಾಣದ ಹೆಸರನ್ನು ಬ್ರೌಸರ್ ಹೇಳುವುದು ಹಸ್ತಲಾಘವದ ಮೊದಲ ಸಂದೇಶದಲ್ಲಿ, ಅಂದರೆ ಗೂಢಲಿಪಿ ಶುರುವಾಗುವ ಮುನ್ನ. ದಾರಿಯಲ್ಲಿ ನಿಂತವರೂ ಅದನ್ನು ಓದಬಹುದು. ನಮ್ಮ ದೇಶದ ಒಂದು ದೊಡ್ಡ ಸಂಪರ್ಕ ಕಂಪನಿ ಹೀಗೆ ಹೆಸರನ್ನು ಓದಿ ತಾಣಗಳನ್ನು ತಡೆಯುತ್ತಿರುವುದನ್ನು ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ತಾಣಗಳನ್ನು ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ 2009ರ ನಿಯಮಗಳು ಆ ದೂರು ಮತ್ತು ಆದೇಶಗಳನ್ನು ಗೋಪ್ಯವಾಗಿಡಬೇಕೆನ್ನುತ್ತವೆ. ದಾರಿಯಲ್ಲಿ ಕಡಿದ ಸಂಪರ್ಕಕ್ಕೂ ಸರ್ವರ್ ತಾನಾಗಿ ನಿರಾಕರಿಸಿದ್ದಕ್ಕೂ ಬಳಕೆದಾರನ ತೆರೆಯ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಿಸುವುದಿಲ್ಲ. ಆ ಹೆಸರನ್ನೂ ಮುಚ್ಚಿ ಕಳಿಸುವ ವಿಧಾನ 2023ರಿಂದ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಬಂದಿದೆಯಾದರೂ, ಅದು ಕೆಲಸ ಮಾಡಬೇಕಾದರೆ ಸರ್ವರುಗಳ ಸಹಕಾರವೂ ಬೇಕು. ಸರ್ವರುಗಳೇ ಕಾರಣ ಹೇಳದೆ ನಿರಾಕರಿಸುವುದು ರೂಢಿಯಾದರೆ, ನಡುದಾರಿಯ ಕೈವಾಡವನ್ನು ಗುರುತಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ಸರ್ವರ್ ಸ್ಪಷ್ಟ ಸೂಚನೆಯೊಡನೆ ನಿರಾಕರಿಸುತ್ತಿದ್ದರೆ, ಸೂಚನೆಯಿಲ್ಲದೆ ಕಡಿದುಹೋದ ಸಂಪರ್ಕದ ಬಗ್ಗೆ ಸಂಶಯಪಡಲಾದರೂ ಆಧಾರವಿರುತ್ತದೆ.

ಸಾರ್ವಜನಿಕ ಸೇವೆ ನೀಡುವ ಪ್ರತಿಯೊಂದು ಜಾಲತಾಣವೂ ಮೂರು ಕೆಲಸಗಳನ್ನು ಕಡ್ಡಾಯವಾಗಿ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಒಂದು, ವಿಫಲವಾದ ಹಸ್ತಲಾಘವಗಳನ್ನು ಕಾರಣಸಹಿತವಾಗಿ ಎಣಿಸಬೇಕು. ಶೋಧಕರೆಷ್ಟು, ಹಳೆಯ ಉಪಕರಣದವರೆಷ್ಟು ಎಂದು ವಿಂಗಡಿಸಿ ಪ್ರತಿ ತ್ರೈಮಾಸಿಕದಲ್ಲಿ ಪ್ರಕಟಿಸಬೇಕು. ಎರಡು, ಯಾವುದೇ ಹಳೆಯ ಆವೃತ್ತಿಯನ್ನು ಕೈಬಿಡುವ ಮುನ್ನ ಕನಿಷ್ಠ ಆರು ತಿಂಗಳ ಕಾಲ ಕನ್ನಡದಲ್ಲಿ ಸೂಚನೆ ನೀಡಬೇಕು. ಮೂರು, ಹಸ್ತಲಾಘವದ ಹಂತದಲ್ಲಿಯೇ ತಡೆಯಲ್ಪಟ್ಟವರಿಗೆ ಕಚೇರಿಯ ಕಿಟಕಿ ತೆರೆದಿರಬೇಕು. ಜಾಲತಾಣವೊಂದೇ ದಾರಿಯೆಂಬ ಸೇವೆ ಇರಕೂಡದು. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ. ಈ ಮೂರು ಅಂಶಗಳನ್ನು ಅದಕ್ಕೆ ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಮೊದಲನೆಯದಕ್ಕಂತೂ ಹೊಸ ಯಂತ್ರವೂ ಬೇಡ, ಹಣವೂ ಬೇಡ. ಸರ್ವರಿನ ಹೊಂದಿಕೆಯಲ್ಲಿ ಒಂದೆರಡು ಸಾಲು ಬದಲಿಸಿದರೆ ನಾಳೆ ಬೆಳಗಿನಿಂದಲೇ ಎಣಿಕೆ ಶುರುವಾಗುತ್ತದೆ. ರಾಜ್ಯದ ಇ-ಆಡಳಿತ ಇಲಾಖೆ ಅಷ್ಟನ್ನಾದರೂ ಕೂಡಲೇ ಮಾಡಲಿ. ಹಿಂದಿರುಗಿದವರು ಎಷ್ಟು ಮಂದಿಯೆಂದು ತಿಳಿದರೆ, ಮಿಕ್ಕ ಎರಡು ಕೆಲಸಗಳನ್ನು ಮುಂದೂಡುವುದು ಯಾವ ಸರ್ಕಾರಕ್ಕೂ ಅಷ್ಟು ಸುಲಭವಾಗಲಾರದು.